ಲಾಳದ ತಿರುವು

ಶವಪೆಟ್ಟಿಗೆಯನ್ನು ನೆಸ್ಟೊರ್ ಹೆಗಲು ಕೊಟ್ಟು ನೂಕುತ್ತಿದ್ದ, ಒಳಗಿದ್ದ ನಾಲ್ವರು ಎಳೆಯುತ್ತಿದ್ದರು. ಅಷ್ಟರಲ್ಲಿ ಗಾಳಿಗೆ ಬೋಗಿಯ ಬಾಗಿಲು ದಡಾರನೆ ಬಂದು ಅವನ ಬೆನ್ನಿಗೆ ಬಡಿಯಿತು.

"ನಿಧಾನ ಮಾರಾಯ, ನಿಧಾನ!"

"ಸುಮ್ನೆ ಎಳೀರೋ."

ಪೆಟ್ಟಿಗೆ ಒಳಗೆ ಸರಿಯಿತು. ಅದರಲ್ಲಿದ್ದವನು ಅವನ ಅಪ್ಪ ಇಲಾರಿಯೊ ಕುರಿಮಿಲ್. ಪ್ಯಾಟಗೋನಿಯಾದ ಈ ಕಿರುಹಳಿಯ ಮೇಲೆ ಮೂವತ್ತೊಂದು ವರ್ಷ ಉಗಿಬಂಡಿ ಓಡಿಸಿದವನು. ನಲವತ್ತು ಕಿಲೋಮೀಟರ್ ಆಚೆಯ ಊರಿನಲ್ಲಿ, ಹೆಂಡತಿಯ ಪಕ್ಕದಲ್ಲಿ, ಅವನನ್ನು ಮಣ್ಣು ಮಾಡಬೇಕಿತ್ತು. ರೈಲಿನಲ್ಲೇ ಒಯ್ಯಬೇಕೆಂದು ಹಟ ಹಿಡಿದವನು ನೆಸ್ಟೊರ್.

ಇಂಜಿನ್ನಿನಿಂದ ಇಳಿದು ಡೆಲ್ಫಿನಾ ಬಂದಳು. ಕೈಯ ಎಣ್ಣೆಯನ್ನು ಚಿಂದಿಗೆ ಒರೆಸುತ್ತಲೇ ಇದ್ದಳು. ಇಲಾರಿಯೊನಿಂದ ಬಂಡಿ ಓಡಿಸಲು ಕಲಿತವರಲ್ಲಿ ಅವಳೇ ಕೊನೆಯವಳು; ಅವನನ್ನು ಮೇಷ್ಟ್ರು ಎನ್ನುತ್ತಿದ್ದಳು. ಅವಳ ಹಿಂದೆ ಚಿಮಣಿಯ ಹೊಗೆ ಮೇಲೇಳದೆ, ಯಾರೋ ಕತ್ತರಿಸಿ ಎಸೆದಂತೆ ಪಕ್ಕಕ್ಕೆ ಹಾರಿಹೋಗುತ್ತಿತ್ತು.

"ನೆಸ್ಟೊರ್, ಸಂಜೆವರೆಗೆ ಕಾಯೋಣ. ಲಾಳದ ತಿರುವಿನಲ್ಲಿ ಗಾಳಿ ಇದರ ಎರಡರಷ್ಟಿರುತ್ತೆ."

"ಕಾಯೋದಾ?" ಅವನ ದನಿ ಏರಿತು. ಪ್ಲಾಟ್‌ಫಾರ್ಮಿನಲ್ಲಿದ್ದವರೆಲ್ಲ ತಿರುಗಿದರು. "ನಮ್ಮಪ್ಪ ಕಾದಿದ್ದು ಸಾಲದಾ? ನಾನು ಸ್ಕೂಲಿಗೆ ಹೋದ್ರೆ ಹುಡುಗರು ಮುಖಕ್ಕೆ 'ಫೂ' ಅಂತ ಊದೋರು. ಗಾಳಿಪುಕ್ಕಲನ ಮಗ ಅನ್ನೋರು. ಇವತ್ತೂ ಅವನ ರೈಲು ನಿಂತ್ಬಿಟ್ರೆ ಊರು ಇನ್ನೂ ನಲವತ್ತು ವರ್ಷ ನಗುತ್ತೆ."

"ಮೇಷ್ಟ್ರಿದ್ದಿದ್ರೆ ಹೊರಡ್ತಿರ್ಲಿಲ್ಲ."

"ಅದಕ್ಕೇ ಹೊರಡು ಅಂತಿದ್ದೀನಿ."

ಡೆಲ್ಫಿನಾ ಇಂಜಿನ್ನಿನ ಕಡೆಗೆ ತಿರುಗಿದಳು. ಅವಳ ಹಿಂದಿನಿಂದ ಎಂಬತ್ತರ ಮುದುಕನೊಬ್ಬ ಕೋಲೂರಿಕೊಂಡು ಬಂದು, ಯಾರ ಕೈಯನ್ನೂ ಹಿಡಿಯದೆ ಬೋಗಿ ಹತ್ತಿ, ಪೆಟ್ಟಿಗೆಯ ಎದುರಿನ ಬೆಂಚಿನ ಮೇಲೆ ಕೂತ. ಸೆಗುಂದೊ ಆಂತಿಲೆಫ್.

*

ಮೂವತ್ತೆಂಟು ವರ್ಷದ ಹಿಂದೆ ಸೆಗುಂದೊ ಇದೇ ಪ್ಲಾಟ್‌ಫಾರ್ಮಿಗೆ ಒಂಬತ್ತು ವರ್ಷದ ಮಗಳನ್ನು ಕಂಬಳಿಯಲ್ಲಿ ಸುತ್ತಿ ತಂದಿದ್ದ. ಎಲ್ವಿರಾಳ ಹೊಟ್ಟೆ ಕಲ್ಲಿನಂತಾಗಿತ್ತು. ಹೊಟ್ಟೆ ಕೊಯ್ದು ಶಸ್ತ್ರಚಿಕಿತ್ಸೆ ಮಾಡದಿದ್ದರೆ ನಾಳೆಗೆ ಉಳಿಯುವುದಿಲ್ಲ ಎಂದು ದಾದಿ ಹೇಳಿದ್ದಳು. ಆಸ್ಪತ್ರೆ ರೈಲುಹಳಿಯ ಆ ತುದಿಯಲ್ಲಿತ್ತು.

ಇಲಾರಿಯೊ ಬಗ್ಗಿ ಒಂದು ಹಿಡಿ ಮರಳು ತೆಗೆದು ಎದೆಯ ಎತ್ತರದಿಂದ ಬಿಟ್ಟ. ಅಂದಿನ ಗಾಳಿಗೆ ಒಂದು ಕಣವೂ ಅವನ ಕಾಲ ಬಳಿ ಬೀಳಲಿಲ್ಲ.

"ಆಗಲ್ಲ ಸೆಗುಂದೊ. ಒಳಗೆ ಎಪ್ಪತ್ತು ಜನ ಇದ್ದಾರೆ."

"ಅವರನ್ನ ಇಳಿಸು. ಇಂಜಿನ್ ಒಂದೇ ತಗೊಂಡು ಬಾ. ನಾನು, ನೀನು, ಇವಳು."

ಇಲಾರಿಯೊ ಮಗುವಿನ ಮುಖ ನೋಡಿದ. ಅವಳ ಹಣೆಯ ಬೆವರಿಗೆ ಧೂಳು ಅಂಟಿತ್ತು. ಅವನು ಇಂಜಿನ್ ಹತ್ತಿದ. ಹತ್ತಿದನಲ್ಲ ಎಂದು ಸೆಗುಂದೊನ ಕಾಲು ಮುಂದಾಯಿತು. ಇಲಾರಿಯೊ ಉಗಿ ಬಿಡುವ ಹಿಡಿಯ ಮೇಲೆ ಕೈಯಿಟ್ಟು ನಿಂತ. ಗಾಳಿಗೆ ನಿಂತ ಇಂಜಿನ್ನೇ ಓಲಾಡುತ್ತಿತ್ತು. ಅವನು ಕೆಳಗಿಳಿದ.

"ಈ ಗಾಳಿಗೆ ಇಂಜಿನ್ನೂ ತಡೆಯಲ್ಲ. ಸಂಜೆ ಗಾಳಿ ಇಳಿಯುತ್ತೆ. ಇಳಿದ ತಕ್ಷಣ ಹೊರಡ್ತೀನಿ, ಆಣೆ."

ಸೆಗುಂದೊ ಅವನ ಬೂಟಿನ ಮೇಲೆ ಉಗುಳಿ, ಕುದುರೆಗಾಡಿ ಕಟ್ಟಿಕೊಂಡು ಹಳಿಯ ಪಕ್ಕದ ದಾರಿ ಹಿಡಿದ. ಸಂಜೆ ಗಾಳಿ ಇಳಿಯಿತು. ಇಲಾರಿಯೊ ಹೊರಡಲು ಸೀಟಿ ಹಾಕುವ ಹೊತ್ತಿಗೆ ಸೆಗುಂದೊ ಮಗಳ ಹೆಣವನ್ನು ಎತ್ತಿಕೊಂಡು ನಡೆದೇ ವಾಪಸಾಗಿದ್ದ.

ಆವತ್ತಿನ ಗಾಳಿಗೆ ರೈಲು ನಿಜಕ್ಕೂ ಮಗುಚುತ್ತಿತ್ತೇ ಎಂಬುದು ಯಾರಿಗೂ ತಿಳಿಯಲಿಲ್ಲ. ಊರು ತನಗೆ ಬೇಕಾದ ಹಾಗೆ ತಿಳಿದುಕೊಂಡಿತು. ಬೇರೆ ಊರಿಗೆ ಹೋಗೋಣವೆಂದು ಇಲಾರಿಯೊನ ಹೆಂಡತಿ ಅತ್ತಳು. ಅವನು ಹೋಗಲಿಲ್ಲ.

*

"ಏನು ಸೆಗುಂದೊ ಯಜಮಾನ್ರೇ, ನಗೋಕೆ ಬಂದ್ರಾ?" ಮಣ್ಣಿಗೆ ಹೊರಟ ಜನ, ಮಕ್ಕಳು ತುಂಬಿದ್ದ ಬೋಗಿಯನ್ನು ನೆಸ್ಟೊರ್ ಹತ್ತಿದ. "ಗಟ್ಟಿಯಾಗಿ ಹಿಡ್ಕೊಂಡು ಕೂತ್ಕೊಳ್ಳಿ. ಇವತ್ತು ಹೊರಡುತ್ತೆ."

"ಮಕ್ಕಳನ್ನ ಇಳಿಸು," ಎಂದ ಸೆಗುಂದೊ.

"ಏನಂದ್ರಿ?"

"ನನಗೂ ಈ ಪೆಟ್ಟಿಗೇಲಿರೋನಿಗೂ ಇನ್ನೇನೂ ಆಗ್ಬೇಕಿಲ್ಲ. ಮಕ್ಕಳನ್ನ ಇಳಿಸು. ತಿರುವಲ್ಲಿ ಮಗುಚುತ್ತೆ."

"ನಿಮಗೆ ಹೇಗೆ ಗೊತ್ತು?"

ಮುದುಕ ಕೋಲನ್ನು ಕಾಲಿನ ನಡುವೆ ನೆಟ್ಟ. "ಎಲ್ವಿರಾ ಹೊಟ್ಟೆನೋವಿಂದ ದಾರೀಲಿ ಹೋದ್ಲು ಅಂತ ಊರಿಗೆ ಹೇಳ್ದೆ. ಸುಳ್ಳು. ಲಾಳದ ತಿರುವಲ್ಲಿ ಗಾಳಿ ಗಾಡೀನ ಎತ್ತಿ ಮಗುಚಿಹಾಕ್ತು, ಕುದುರೆ ಸಮೇತ. ಗಾಡಿ ಅಡೀಲಿ ಅವಳಿದ್ಲು."

ಅವನು ನೆಸ್ಟೊರ್‌ನ ಕಡೆಗೆ ಮುಖ ಎತ್ತಿದ.

"ಮೂರನೇ ದಿನ ಗಾಡಿ ತರೋಕೆ ಹೋದೆ, ಯಾರ ಕಣ್ಣಿಗೂ ಬೀಳಬಾರದು ಅಂತ. ಬಿದ್ದ ಜಾಗದಲ್ಲಿ ಇರ್ಲಿಲ್ಲ. ಕೆಳಗೆ ಕಂದಕದಲ್ಲಿತ್ತು. ಯಾರಿಗೂ ಕಾಣದ ಹಾಗೆ ಮೇಲೆ ನೀಟಾಗಿ ಕಲ್ಲು ಪೇರಿಸಿತ್ತು. ಆ ಮೂರು ದಿನ ಆ ಕಡೆ ಹೋಗಿದ್ದು ನಿಮ್ಮಪ್ಪನ ರೈಲೊಂದೇ."

"ಅಪ್ಪಂಗೆ ಗೊತ್ತಿತ್ತಾ?"

"ಗೊತ್ತಿತ್ತು. ನನಗೋಸ್ಕರ ಯಾರಿಗೂ ಬಾಯಿ ಬಿಡ್ಲಿಲ್ಲ. ಅವನಿಗೆ ಗೊತ್ತಿರೋದು ನನಗೂ ಗೊತ್ತಿತ್ತು. ಆದ್ರೂ ಎದುರು ಸಿಕ್ಕಾಗೆಲ್ಲ 'ಫೂ' ಅಂತ ಮೊದಲು ಊದ್ತಿದ್ದೋನು ನಾನೇ. ಅವನು ಟೋಪಿ ಮುಟ್ಕೊಂಡು ಮುಂದೆ ಹೋಗ್ತಿದ್ದ."

ನೆಸ್ಟೊರ್ ಮುದುಕನ ಕೋಟಿನ ಕಾಲರು ಹಿಡಿದೆತ್ತಿದ. ಕೋಲು ನೆಲಕ್ಕೆ ಬಿತ್ತು. "ಒಂದ್ಸಲ... ಒಂದೇ ಒಂದ್ಸಲ ಹೇಳೋಕೆ ಆಗ್ಲಿಲ್ವಾ ನಿನಗೆ?"

"ಅವನು ಕೇಳಿದ್ರೆ ಹೇಳ್ತಿದ್ದೆ," ಎಂದ ಸೆಗುಂದೊ. "ಪ್ರತಿ ವರ್ಷ, ಈ ವರ್ಷ ಕೇಳ್ತಾನೆ ಅಂತ ಕಾದೆ. ಕೇಳ್ಲೇ ಇಲ್ಲ ಕಣೋ ಅವನು."

ಬೋಗಿ ಒಂದು ಕಡೆಗೆ ವಾಲಿ, ಕಿರುಗುಟ್ಟಿ, ಮತ್ತೆ ನೆಟ್ಟಗಾಯಿತು. ಮೂಲೆಯಲ್ಲಿದ್ದ ಹೆಂಗಸೊಬ್ಬಳು ಶಿಲುಬೆಯ ಗುರುತು ಮಾಡಿಕೊಂಡಳು. ನೆಸ್ಟೊರ್ ಕಾಲರು ಬಿಟ್ಟು ಕೆಳಗೆ ಧುಮುಕಿದ. ಗಾಳಿ ಅವನನ್ನು ಎರಡು ಹೆಜ್ಜೆ ಪಕ್ಕಕ್ಕೆ ತಳ್ಳಿತು. ಬೋಗಿಗಳನ್ನು ಹಿಡಿದುಕೊಂಡೇ ಅವನು ಇಂಜಿನ್ನಿನವರೆಗೆ ನಡೆದ.

ಡೆಲ್ಫಿನಾ ಮೇಲಿನಿಂದ ಬಗ್ಗಿದಳು. "ಹೇಳು. ಏನ್ ಮಾಡ್ಲಿ?"

ಅವನು ಇಂಜಿನ್ನಿನ ಮೆಟ್ಟಿಲು ಹಿಡಿದು ನಿಂತ.

"ಬೆಂಕಿ ಇಳಿಸು."

"ಸಂಜೆವರೆಗಾ?"

"ಎಷ್ಟೊತ್ತಾದ್ರೂ."

ಅವನು ಬೋಗಿಗೆ ಮರಳಿದಾಗ ಅರ್ಧ ಜನ ಇಳಿದು ಸ್ಟೇಷನ್ನಿನೊಳಗೆ ಸೇರಿದ್ದರು. ಸೆಗುಂದೊ ಮಾತ್ರ ಬೆಂಚು ಬಿಟ್ಟು ಪೆಟ್ಟಿಗೆಯ ಪಕ್ಕ ಮಂಡಿಯೂರಿದ್ದ. ಬೋಗಿ ಓಲಾಡಿದಾಗಲೆಲ್ಲ ಪೆಟ್ಟಿಗೆಯ ಮೇಲಿನ ಹೂಗಳು ಜಾರಿ ಬೀಳುತ್ತಿದ್ದವು. ಮುದುಕ ಒಂದೊಂದನ್ನೇ ಹೆಕ್ಕಿ ಮೇಲಿಡುತ್ತಿದ್ದ. ಅವು ಮತ್ತೆ ಬೀಳುತ್ತಿದ್ದವು, ಅವನು ಮತ್ತೆ ಹೆಕ್ಕುತ್ತಿದ್ದ. ನೆಸ್ಟೊರ್ ಪೆಟ್ಟಿಗೆಯ ಇನ್ನೊಂದು ಬದಿಗೆ ಹೋಗಿ ನೆಲಕ್ಕೆ ಕೂತು, ಹೂಗಳು ಜಾರದ ಹಾಗೆ ಪೆಟ್ಟಿಗೆಯ ಅಂಚಿಗೆ ತನ್ನ ತೋಳನ್ನು ಅಡ್ಡ ಇಟ್ಟ.