ಒಂದೂವರೆ ಇಂಚು ಸಾಲದ ವ್ಯಾನು

೧

ಈ ಕಥೆಯನ್ನು ಎಲ್ಲಿಂದ ಆರಂಭಿಸಬೇಕು ಎಂದು ತಿಳಿಯದೆ ನಾಲ್ಕು ದಿನದಿಂದ ಕೂತಿದ್ದೇನೆ. ವ್ಯಾನಿನಿಂದ ಆರಂಭಿಸಿದರೆ ಇದು ಜಾಹೀರಾತು ಎಂದುಕೊಳ್ಳುತ್ತೀರಿ. ಸಾವಿನಿಂದ ಆರಂಭಿಸಿದರೆ ಪುಟ ತಿರುಗಿಸಿ ಕ್ರಿಕೆಟ್ ಸುದ್ದಿಗೆ ಹೋಗುತ್ತೀರಿ. ಪೀಠಿಕೆ, ವಿಷಯ ವಿಸ್ತಾರ, ಉಪಸಂಹಾರ ಎಂದು ಮೂವತ್ತು ವರ್ಷ ಹೈಸ್ಕೂಲು ಮಕ್ಕಳ ತಲೆ ತಿಂದವನು ನಾನು. ಈಗ ಪೀಠಿಕೆಯಲ್ಲೇ ಸಿಕ್ಕಿಬಿದ್ದಿದ್ದೇನೆ. (ಆ ಮಕ್ಕಳು ಓದಿದರೆ ನಗಲಿ. ಅವರಿಗೆ ಆ ಹಕ್ಕಿದೆ.)

ಇರಲಿ, ಗೊತ್ತಾದ ದಿನದಿಂದಲೇ ಆರಂಭಿಸುತ್ತೇನೆ.

ಚೈತ್ರದ ಒಂದು ಸೋಮವಾರ, ಬೆಳಿಗ್ಗೆ ಒಂಬತ್ತೂಕಾಲು. ಭದ್ರಾವತಿಯ ಹಳೇನಗರದ ಮನೆಯಲ್ಲಿ ಚಂದ್ರಶೇಖರಪ್ಪನವರು ಲಿಂಗಪೂಜೆಗೆ ಕೂತಿದ್ದರು. ಫೋನು ಮೂರು ಸಲ ಹೊಡೆದುಕೊಂಡಿತು. ಪೂಜೆಯ ನಡುವೆ ಏಳುವವರಲ್ಲ ಅವರು. ಹೆಂಡತಿ ವೀರಮ್ಮ ಚಟ್ನಿಗೆ ಮಿಕ್ಸಿ ಹಾಕಿದ್ದಳು, ಅವಳಿಗೆ ಕೇಳಿಸಲಿಲ್ಲ. ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು, ಕೈಯ ವಿಭೂತಿ ಒರೆಸಿಕೊಂಡು ತಿರುಗಿ ಫೋನ್ ಮಾಡಿದರೆ, ಎತ್ತಿದವನು ಮಗನ ಸೈಕಲ್ ಅಂಗಡಿಯ ಪಕ್ಕದಲ್ಲಿ ಹೂವು ಮಾರುವ ಚೌಡಯ್ಯ.

"ಯಜಮಾನ್ರೇ, ಜ್ಞಾನೇಶಣ್ಣ ತೊಡೆ ಮೇಲೆ ಚಕ್ರ ಇಟ್ಕೊಂಡು ಕೂತವ್ರೆ. ಬೆಂಡು ನೋಡ್ತಾವ್ರೆ ಅಂತ ಸುಮ್ನಿದ್ದೆ. ಕರುದ್ರೆ ಓಗೊಡ್ತಿಲ್ಲ. ಬೇಗ ಬನ್ನಿ."

ನಲವತ್ತೊಂದು ವರ್ಷದ ಮಗ, ಆರಡಿ ಆಳು. ಕೂತಲ್ಲೇ ಹೃದಯ ನಿಂತಿತ್ತು.

ಅಂದಿನಿಂದ ಚಂದ್ರಶೇಖರಪ್ಪನವರು ಪೂಜೆಗೆ ಕೂರುವಾಗ ಫೋನನ್ನು ಮಗ್ಗುಲಲ್ಲೇ ಇಟ್ಟುಕೊಳ್ಳುತ್ತಾರೆ. ಆ ಮನೆಯಲ್ಲಿ ಎಲ್ಲರೂ ಎಲ್ಲರನ್ನೂ ಗೇಲಿ ಮಾಡುತ್ತಾರೆ. ಅದೊಂದರ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

(ವೀರಮ್ಮ ನನ್ನ ತಂಗಿ. ಹೋದವನು ನನ್ನ ಸೋದರಳಿಯ. ಇದನ್ನು ಮುಚ್ಚಿಟ್ಟು ಬರೆಯೋಣವೆಂದಿದ್ದೆ. ಆದರೆ ಕಥೆಯ ಪಾತ್ರಗಳೇ ನನ್ನ ಕರಡು ಓದಿ ತಕರಾರು ತೆಗೆಯುವುದನ್ನು ನಿಮಗೆ ಹೇಗೆ ವಿವರಿಸಲಿ?)

೨

ಈಗ ವ್ಯಾನು.

ಜ್ಞಾನೇಶನಿಗೆ ಬರೀ ಅಂಗಡಿ ಸಾಕಾಗುತ್ತಿರಲಿಲ್ಲ. ಬುಧವಾರ ಹೊಳೆಹೊನ್ನೂರಿಗೆ, ಶುಕ್ರವಾರ ಆಯನೂರಿಗೆ ಬಾಡಿಗೆ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಹೋಗಿ ಅಲ್ಲಿಯೇ ಸೈಕಲ್ ರಿಪೇರಿ ಮಾಡುತ್ತಿದ್ದ. ಭಾನುವಾರ ಅದೇ ಗಾಡಿಯಲ್ಲಿ ತನ್ನದೂ ಮಗಳದೂ ಎರಡು ಸೈಕಲ್ ಹಾಕಿಕೊಂಡು ವಾಹನ ಕಡಿಮೆಯಿರುವ ರಸ್ತೆಗೆ ಹೋಗುತ್ತಿದ್ದ. ಮಗಳು ಅಮೂಲ್ಯ, ಹದಿಮೂರು ವರ್ಷ, ಮುಂದೆ ತುಳಿಯುವಳು, ಅಪ್ಪ ಹಿಂದೆ. ಕಳೆದ ವರ್ಷ ಜಿಲ್ಲೆಯ ಸೈಕ್ಲಿಂಗ್ ತಂಡದ ಆಯ್ಕೆಯಲ್ಲಿ ಅವಳಿಗೆ ಸ್ವಲ್ಪದರಲ್ಲಿ ತಪ್ಪಿತ್ತು. ಈ ವರ್ಷದ್ದು ಮುಂದಿನ ತಿಂಗಳು, ಶಿವಮೊಗ್ಗದಲ್ಲಿ.

ಈಗ ಅಂಗಡಿ ನಡೆಸುತ್ತಿರುವ ಸೊಸೆ ಅಕ್ಷರಾ ಒಂದು ಸಂಜೆ ಕಾಫಿ ಲೋಟ ಕೆಳಗಿಟ್ಟು ಹೇಳಿದಳು: "ಮಾವ, ಬಾಡಿಗೆಯವನು ನನ್ನ ಜೊತೆ ಬರಲ್ಲ ಅಂತಾನೆ. ಹೆಂಗಸರ ಕೆಲಸಕ್ಕೆ ದಿನಾ ಗಾಡಿ ಬಿಡಕ್ಕಾಗಲ್ವಂತೆ. ನಮ್ಮದೇ ಒಂದು ವ್ಯಾನು ತಗೊಳ್ಳೋಣ. ವಾರದಲ್ಲಿ ಕೆಲಸ, ಭಾನುವಾರ ಸೈಕಲ್, ಮಿಕ್ಕಿದ ದಿನ ನಿಮ್ಮಿಬ್ಬರ ಆಸ್ಪತ್ರೆ, ಮಠ. ಇವಳ ಹಿಂದೆ ನಾನೇ ತುಳೀತೀನಿ. ತಡ ಆದ್ರೆ ಇವಳ ಆಯ್ಕೆನೂ ಹೋಗುತ್ತೆ, ಅಂಗಡಿ ಗಿರಾಕಿನೂ ಹೋಗ್ತಾರೆ."

ಚಂದ್ರಶೇಖರಪ್ಪನವರು ಗಂಟಲು ಸರಿಮಾಡಿಕೊಂಡರು. "ವರ್ಷ ತುಂಬಲಿ."

"ಏನಂದ್ರಿ?" ವೀರಮ್ಮ ಅಡುಗೆಮನೆಯಿಂದಲೇ ಬಂದಳು. "ಲಿಂಗವಂತರಿಗೆ ಸೂತಕ ಇಲ್ಲ, ಹೋದವರು ಲಿಂಗೈಕ್ಯ ಆದ್ರು ಅಂತ ಮೂರು ಊರಿನ ನೆಂಟರ ಹತ್ರ ಜಗಳ ಆಡಿದ್ದು ಯಾರು ರೀ? ನಮ್ಮಕ್ಕ ಇವತ್ತಿಗೂ ನಿಮ್ಮ ಹತ್ರ ಮಾತಾಡಲ್ಲ."

"ಸೂತಕ ಅಂತ ನಾನೆಲ್ಲಿ ಅಂದೆ? ವರ್ಷದ ಕೊನೇಲಿ ಹೊಸ ಮಾಡೆಲ್ ಬರುತ್ತೆ, ಅದಕ್ಕಂದೆ."

"ಓಹೋ. ಸೂತಕ ಇಲ್ಲದೋರು ಈಗ ಮಾಡೆಲ್ ಕಾಯ್ತಾರೆ."

ಅಮೂಲ್ಯ ಕಿಸಕ್ಕನೆ ನಕ್ಕಳು. ಎರಡು ತಿಂಗಳಲ್ಲಿ ಆ ಮನೆಯಲ್ಲಿ ಕೇಳಿಸಿದ ಮೊದಲ ನಗು ಅದು. ಅದನ್ನು ಕೇಳಿದ ಮೇಲೆ ಚಂದ್ರಶೇಖರಪ್ಪನವರಿಗೆ ಬೇಡ ಎನ್ನಲು ಆಗಲಿಲ್ಲ. "ಆಯ್ತು," ಎಂದರು. "ಆದ್ರೆ ಅಳತೆ ನಾನು ನೋಡ್ತೀನಿ. ಅಳತೆ ಸರಿ ಹೋಗ್ದೆ ತಗೊಳ್ಳೋದಿಲ್ಲ."

ಕಬ್ಬಿಣದ ಕಾರ್ಖಾನೆಯ ಮೆಷಿನ್ ಶಾಪಿನಲ್ಲಿ ಮೂವತ್ತನಾಲ್ಕು ವರ್ಷ ಅಳೆದ ಕೈ ಅದು. ಯಾರೂ ಎದುರಾಡಲಿಲ್ಲ.

೨ (ಇನ್ನೊಮ್ಮೆ)

ಮೇಲಿನ ಭಾಗದ ಕೊನೆಯಲ್ಲಿ "ವೀರಮ್ಮನ ಕಣ್ಣು ತುಂಬಿ ಬಂತು" ಎಂದು ಬರೆದಿದ್ದೆ. ತಂಗಿ ಓದಿದಳು.

"ಅಣ್ಣ, ನಾನ್ಯಾವಾಗ ಅತ್ತೆ? ಅತ್ತಿದ್ದು ನೀನು. ಸುದ್ದಿ ಕೇಳಿ ಶಿವಮೊಗ್ಗದಿಂದ ಬರೋ ಬಸ್ಸಲ್ಲಿ ಅಷ್ಟು ಜನದ ಮಧ್ಯೆ. ಕಂಡಕ್ಟರು ಟಿಕೆಟ್ಟೇ ಕೇಳ್ಲಿಲ್ಲ ಅಂತ ನೀನೇ ಹೇಳ್ದೆ."

ಸಾಲನ್ನು ಹೊಡೆದುಹಾಕಿದ್ದೇನೆ. ಯಾರೂ ಅಳಲಿಲ್ಲ. ಬಸ್ಸೂ ಇರಲಿಲ್ಲ.

೩

ಮೂರನೆಯ ಭಾಗವಿಲ್ಲ. ಅದರ ಹಾಳೆಯಲ್ಲಿ ಅಮೂಲ್ಯ ಚೈನಿನ ಎಣ್ಣೆ ಒರೆಸಿದಳು. ಅದರಲ್ಲಿ ಬಾಳು, ದಾರಿ, ಚಕ್ರ ಎಂದು ಎರಡು ಪುಟ ತತ್ವವಿತ್ತು. ನಿಮ್ಮ ಅದೃಷ್ಟ ದೊಡ್ಡದು.

೪

ಮಲವಗೊಪ್ಪ ದಾಟಿ ಶಿವಮೊಗ್ಗ ಸೇರಿದರೆ ವಾಹನಗಳ ಶೋರೂಮುಗಳು. ಕಂಪನಿಯ ಹೆಸರು ಹೇಳುವುದಿಲ್ಲ. ಅವರು ನನಗೇನೂ ಕೊಟ್ಟಿಲ್ಲ.

ಮೊದಲನೆಯ ಕಡೆ ಚಂದ್ರಶೇಖರಪ್ಪನವರು ಜೇಬಿನಿಂದ ಸ್ಟೀಲ್ ಟೇಪು ತೆಗೆದು ವ್ಯಾನಿನ ಹಿಂಬಾಗಿಲಿಗೆ ಹಿಡಿದರು, ಜೇಬುಪುಸ್ತಕ ನೋಡಿದರು, ತಲೆಯಾಡಿಸಿದರು. "ಒಂದೂವರೆ ಇಂಚು ಸಾಲದು." ಎರಡನೆಯ ಕಡೆ ಎರಡು ಇಂಚು ಸಾಲದು. ಮೂರನೆಯ ಕಡೆ ಬಾಗಿಲು ದೊಡ್ಡದಿತ್ತು, ಒಳಗಿನ ಚಾವಣಿ ಅಡ್ಡ ಬಂತು. ಹೀಗೆ ಎರಡು ವಾರ. ಅಮೂಲ್ಯ ದಿನಾ ಬೆಳಿಗ್ಗೆ ಅಂಗಳದಲ್ಲಿ ಸ್ಟ್ಯಾಂಡಿನ ಮೇಲೆ ನಿಂತ ಸೈಕಲ್ಲನ್ನೇ ತುಳಿದಳು. ಎಷ್ಟು ತುಳಿದರೂ ಬಾವಿಕಟ್ಟೆ ಅಲ್ಲೇ ಇತ್ತು.

ಕೊನೆಗೆ ಮೊದಲನೆಯ ಶೋರೂಮಿಗೇ ತಿರುಗಿ ಬಂದರು. ಸೇಲ್ಸ್‌ನ ಹುಡುಗ ನಿಶಾಂತ್, ಬಿಳಿ ಶರ್ಟು, ಕೊರಳಲ್ಲಿ ಕಾರ್ಡು, ಅವರ ಟೇಪು ಕಂಡೊಡನೆ ನಿಟ್ಟುಸಿರು ನುಂಗಿ ನಕ್ಕ.

"ಸಾರ್, ಮಧ್ಯದ ಸೀಟು ಮಡಚಿದ್ರೆ ಮಂಚ ಬೇಕಾದ್ರೂ ಹೋಗುತ್ತೆ. ಸೈಕಲ್ ನಿಲ್ಸೋದ್ಯಾಕೆ? ಮಲಗಿಸಿಬಿಡಿ."

"ಮಲಗಿಸಬಾರದು!"

ಅಷ್ಟು ದೊಡ್ಡ ದನಿ ಅವರಲ್ಲಿ ಇದೆಯೆಂದು ಅವರಿಗೇ ಗೊತ್ತಿರಲಿಲ್ಲ. ಕಾಫಿ ತರುತ್ತಿದ್ದ ಹೆಂಗಸು ನಿಂತುಬಿಟ್ಟಳು. (ನಮ್ಮಲ್ಲಿ ಹೋದವರನ್ನೂ ಮಲಗಿಸಿ ಒಯ್ಯುವುದಿಲ್ಲ, ಕೂರಿಸಿಯೇ ಒಯ್ದು, ಕೂರಿಸಿಯೇ ಮಣ್ಣು ಮಾಡುತ್ತೇವೆ. ಇದು ನಿಶಾಂತನಿಗೆ ಹೇಗೆ ಗೊತ್ತಾಗಬೇಕು? ಪಾಪ, ಅವನು ಸೀಟು ಮಡಚಿ ತೋರಿಸುತ್ತಿದ್ದ.)

"ಆಯ್ತು ಸಾರ್, ನಿಲ್ಸೋಣ," ಎಂದ ನಿಶಾಂತ್. "ನಿಮ್ಮ ಸೈಕಲ್ ಎತ್ತರ ಎಷ್ಟು?"

"ನಲವತ್ತೊಂದೂವರೆ."

ಅಮೂಲ್ಯ ತಲೆಯೆತ್ತಿದಳು. "ಅಜ್ಜ, ನನ್ ಸೈಕಲ್ ಅಷ್ಟೆತ್ತರ ಇಲ್ವಲ್ಲ?"

ಅಕ್ಷರಾ ಮಾವನ ಕೈಯಿಂದ ಜೇಬುಪುಸ್ತಕ ತೆಗೆದುಕೊಂಡು ನೋಡಿದಳು. ಹ್ಯಾಂಡಲ್ ಮೂವತ್ತೊಂಬತ್ತು. ಸೀಟು ನಲವತ್ತೊಂದೂವರೆ.

"ಇದು ಅವರ ಸೀಟಿನ ಅಳತೆ ಅಲ್ವಾ ಮಾವ?"

"ಎರಡು ಸೈಕಲ್ ಹೋಗ್ಬೇಕು ಅಂದ್ಯಲ್ಲಮ್ಮ. ಅದರಲ್ಲಿ ದೊಡ್ಡದನ್ನೇ ಅಳೀಬೇಕು."

"ಅದು ಅವರಿಗೆ ಏರಿಸಿದ ಸೀಟು. ಕೆಳಗೆ ಲಿವರ್ ಇದೆ, ಬಿಚ್ಚಿದ್ರೆ ಇಳಿಯುತ್ತೆ." ಅಕ್ಷರಾ ಮೆಲ್ಲಗೆ ಹೇಳಿದಳು. "ನಾನು ಐದಡಿ ಎರಡಿಂಚು. ನಾನು ತುಳೀಬೇಕು ಅಂದ್ರೆ ಇಳಿಸ್ಲೇಬೇಕು ಮಾವ. ಇಳಿಸಿದ್ರೆ ಈ ಬಾಗಿಲಲ್ಲಿ ಆರಾಮಾಗಿ ಹೋಗುತ್ತೆ."

ಚಂದ್ರಶೇಖರಪ್ಪನವರು ಟೇಪಿನ ಗುಂಡಿ ಒತ್ತಿದರು. ಅದು ಸರ್ರನೆ ಒಳಗೆ ಹೋಯಿತು. ಲಿವರ್ ಇರುವುದು ಅವರಿಗೆ ಗೊತ್ತಿತ್ತು. ಆ ಸೀಟು ಮಗನ ಕಾಲಿನ ಅಳತೆಗೆ ನಿಂತಿತ್ತು. ಮನೆಯಲ್ಲಿ ಅವನ ಅಂಗಿಗಳನ್ನು ಒಗೆದು ಮಡಚಿಯಾಗಿತ್ತು, ಚಪ್ಪಲಿಯನ್ನು ಯಾರಿಗೋ ಕೊಟ್ಟಾಗಿತ್ತು. ಅವನು ಬಿಟ್ಟುಹೋದಂತೆಯೇ ಇದ್ದದ್ದು ಅದೊಂದೇ.

"ನಾಡಿದ್ದು ಬರ್ತೀವಿ," ಎಂದರು ನಿಶಾಂತನಿಗೆ.

೫

ಈ ಭಾಗಕ್ಕೆ "ತಪ್ಪು ಅಳತೆ" ಎಂಬ ಉಪಶೀರ್ಷಿಕೆ ಕೊಟ್ಟಿದ್ದೆ. ಮರುದಿನ ಚಂದ್ರಶೇಖರಪ್ಪನವರು ಕನ್ನಡಕ ಹಾಕಿಕೊಂಡು ಕರಡನ್ನು ಎರಡು ಸಲ ಓದಿದರು.

"ಭಾವ, ಇದನ್ನ ತಿದ್ದಿ."

"ಯಾವುದನ್ನ?"

"ತಪ್ಪು ಅಳತೆ ಅಂತ ಬರ್ದಿದೀರಿ. ಅಳತೆ ಸರಿಯಾಗೇ ಇತ್ತು."

ತಿದ್ದಿದ್ದೇನೆ. ಅಳತೆ ಸರಿಯಾಗಿಯೇ ಇತ್ತು.

೬

ಇನ್ನು ಮುಕ್ತಾಯ. ಮೂರು ತಂದಿದ್ದೇನೆ. ಮನೆಮಂದಿಯ ಮುಂದೆ ಓದಿದೆ. ನೀವೂ ಕೇಳಿ.

(ಅ) ಸೊಸೆಗೆ ಅವಳ ಅಳತೆಯ ಹೊಸ ಸೈಕಲ್ ತರುತ್ತಾರೆ. ಹಳೆಯದು ಮನೆಯಲ್ಲಿ ಹಾಗೆಯೇ ಇರುತ್ತದೆ.

ಅಕ್ಷರಾ ಒಪ್ಪಲಿಲ್ಲ. "ಗೋಡೆಗೆ ಒರಗಿಸಿ ಹಾರ ಹಾಕಕ್ಕೆ ಅದೇನು ಫೋಟೋನಾ, ಮೇಷ್ಟ್ರು ಮಾವ? ನಿಂತರೆ ತುಕ್ಕು ಹಿಡಿಯುತ್ತೆ. ತುಕ್ಕು ಹಿಡಿದ ಸೈಕಲ್ ಕಂಡ್ರೆ ಅವರು ಯಾರ ಮೇಲೂ ರೇಗದೆ ಬಿಟ್ಟೋರಲ್ಲ."

(ಆ) ಎತ್ತರದ ದೊಡ್ಡ ವ್ಯಾನು ಕೊಳ್ಳುತ್ತಾರೆ, ಹದಿಮೂರು ಸೀಟಿನದು.

"ಅದು ನಮ್ಮ ಬೀದೀಲಿ ತಿರುಗಲ್ಲ ಮೇಷ್ಟ್ರಜ್ಜ," ಎಂದಳು ಅಮೂಲ್ಯ. "ಬಸ್ ಸ್ಟ್ಯಾಂಡಲ್ಲೇ ನಿಲ್ಸಿ ಶಿವಮೊಗ್ಗ ಶಿವಮೊಗ್ಗ ಅಂತ ಕೂಗ್ಬೇಕಾಗುತ್ತೆ. ಅಜ್ಜ ಕಂಡಕ್ಟರು."

"ಅಜ್ಜ ಬೇಡ," ಎಂದಳು ವೀರಮ್ಮ. "ಹತ್ತೋರನ್ನೆಲ್ಲ ಅಳೆದು ನೋಡಿ, ಅರ್ಧ ಇಂಚು ಜಾಸ್ತಿ ಅಂತ ಇಳಿಸ್ತಾರೆ."

(ಇ) ಚಂದ್ರಶೇಖರಪ್ಪನವರು ಸೀಟಿನ ಕಂಬದ ಮೇಲೆ ಮಗನ ಎತ್ತರಕ್ಕೆ ಒಂದು ಗೆರೆ ಕೊರೆದು, ಆಮೇಲೆ ಇಳಿಸುತ್ತಾರೆ. ಇದು ನನಗೆ ಬಹಳ ಹಿಡಿಸಿತ್ತು. ಓದುಗರೂ ಇದನ್ನು ಮೆಚ್ಚುವರೆಂದು ಲೆಕ್ಕ ಹಾಕಿದ್ದೆ.

"ಗೆರೆ ಕೊರೆದ್ರೆ ಕಂಬ ಅಲ್ಲೇ ಮುರಿಯುತ್ತೆ, ಭಾವ," ಎಂದರು ಚಂದ್ರಶೇಖರಪ್ಪ. "ಅವಳು ಅದರ ಮೇಲೆ ಕೂರ್ಬೇಕು."

ಕಥೆಗಾರನಿಗೆ ಚೆಂದ ಕಂಡದ್ದು ಮೆಷಿನ್ ಶಾಪಿನಲ್ಲಿ ತಿರಸ್ಕಾರವಾಯಿತು. ಆದರೆ ನೀವು ಗಮನಿಸಿರಬಹುದು, ನಾನು ಆಗ ಗಮನಿಸಲಿಲ್ಲ: ಅವಳು ಕೂರಬೇಕು ಎಂದು ಅವರೇ ಹೇಳಿದ್ದರು.

೭

ಒಂದೂವರೆ ಇಂಚು ಸಾಲದ ಆ ವ್ಯಾನೇ ಬಂತು. ನಿಶಾಂತ್ ಬಾಗಿಲಷ್ಟು ದೊಡ್ಡ ಥರ್ಮೋಕೋಲ್ ಕೀಲಿಕೈ ಹಿಡಿದು, "ಯಜಮಾನ್ರು ಮುಂದೆ ಬನ್ನಿ ಸಾರ್, ಫೋಟೋ," ಎಂದ. ಚಂದ್ರಶೇಖರಪ್ಪನವರು ಹಿಂದೆ ಸರಿದು ಸೊಸೆಯನ್ನು ತೋರಿಸಿದರು. "ಯಜಮಾನ್ರು ಅವಳೇ ಮಾರಾಯ. ನನಗೆ ಕಿಟಕಿ ಪಕ್ಕದ ಸೀಟು ಕೊಟ್ರೆ ಸಾಕು."

"ಇದನ್ನ ಮೊದಲೇ ಹೇಳಿದ್ರೆ ಎರಡು ವಾರ ಉಳೀತಿತ್ತು," ಎಂದಳು ವೀರಮ್ಮ. ಫೋಟೋದಲ್ಲಿ ಅವಳ ಬಾಯಿ ತೆರೆದೇ ಇದೆ.

೮

ಇಲ್ಲಿಗೆ ಕಥೆ ಇವತ್ತಿಗೆ ಬಂದು ಮುಟ್ಟಿತು. ಮುಂದೆ ನಡೆದದ್ದು ನನ್ನ ಬಳಿ ಇಲ್ಲ, ನಡೆಯುತ್ತಿರುವುದು ಮಾತ್ರ ಇದೆ.

ಭಾನುವಾರ, ಬೆಳಿಗ್ಗೆ ಆರು. ಆಯ್ಕೆಗೆ ಇನ್ನು ಮೂರು ವಾರ. ನಾನು ಜಗಲಿಯ ಮೇಲೆ ಕೂತು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತಿದ್ದೇನೆ. ವ್ಯಾನಿನ ಹಿಂಬಾಗಿಲು ಮೇಲೆದ್ದಿದೆ. ಅಮೂಲ್ಯಳ ಸೈಕಲ್ ಒಳಗೆ ಹೋಗಿ ನಿಂತಿದೆ. ಜ್ಞಾನೇಶನದು ಹೊರಗೆ. ವೀರಮ್ಮ ನೀರಿನ ಬಾಟಲಿ, ಚಪಾತಿ ಡಬ್ಬಿ ಇಟ್ಟು ಬಂದು ಸುಮ್ಮನೆ ನಿಂತಿದ್ದಾಳೆ. ಅವಳು ಸುಮ್ಮನೆ ನಿಂತದ್ದನ್ನು ನಾನು ಈ ಅರವತ್ತು ವರ್ಷದಲ್ಲಿ ಹೆಚ್ಚು ಕಂಡಿಲ್ಲ.

ಅಕ್ಷರಾ ಲಿವರಿಗೆ ಕೈ ಹಾಕಿದಳು. "ಒಂದ್ನಿಮಿಷ ಇರಮ್ಮ," ಎಂದು ಚಂದ್ರಶೇಖರಪ್ಪನವರು ಹತ್ತಿರ ಬಂದರು. ಸೀಟಿನ ಕೆಳಗೆ ಅಂಗೈ ಕೊಟ್ಟರು. "ಹ್ಞೂಂ. ಬಿಚ್ಚು."

ಲಿವರ್ ಬಿಚ್ಚಿದೆ. ಸೀಟು ಇಳಿದಿಲ್ಲ. ಅವರ ಅಂಗೈ ಕೆಳಗಿದೆ.

"ಅಜ್ಜ, ಬಿಸಿಲೇರುತ್ತೆ," ಎಂದಳು ಅಮೂಲ್ಯ, ಗದರಿಸದ ದನಿಯಲ್ಲಿ.

"ಹ್ಞೂಂ," ಎಂದರು ಅಜ್ಜ.

ಓದುಗರೇ, ಇಲ್ಲಿ ನನ್ನನ್ನು ಉಪಸಂಹಾರ ಕೇಳಬೇಡಿ. ಮಕ್ಕಳಿಗೆ ನಾನೇ ಅಂಕ ಕಳೆಯುತ್ತಿದ್ದೆ, ನೀವೂ ಕಳೆಯಿರಿ. ತಲೆಯೆತ್ತಿದರೆ ಆರು ಹೆಜ್ಜೆ ದೂರದಲ್ಲಿ ಆ ಕೈ ಕಾಣುತ್ತದೆ, ಅದು ಕೆಳಗೆ ಬರುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ನಾನು ತಲೆಯೆತ್ತುವುದಿಲ್ಲ. ಒಬ್ಬ ತಂದೆ ಅಷ್ಟು ಹೊತ್ತು ತೆಗೆದುಕೊಳ್ಳುವಾಗ ನೋಡುತ್ತ ಕೂರುವುದು ಮರ್ಯಾದೆಯಲ್ಲ. ನೀವೂ ಈ ಹಾಳೆಯನ್ನೇ ನೋಡುತ್ತಿರಿ. ನನ್ನ ಜೊತೆ ಒಂದು ಮಾತು ಹೇಳಿ.

ಶಿವನೇ, ನಮ್ಮ ಜ್ಞಾನೇಶನನ್ನು ನಿನ್ನ ಪಾದದಲ್ಲಿ ಸುಖವಾಗಿ ಇಟ್ಟುಕೋ. ಅವನ ಬೆನ್ನಿಗೆ, ಮೊಣಕಾಲಿಗೆ ಇನ್ನು ದಣಿವು ಬೇಡ. ಮಗಳ ಹಿಂದೆ ಯಾರು ಬರುತ್ತಾರೆಂಬ ಚಿಂತೆ ಅವನಿಗೆ ಬೇಡ. ಆ ಜೀವ ಶಾಂತವಾಗಿರಲಿ. ಇಲ್ಲಿಂದ ಯಾರೂ ಅವನನ್ನು ಹಿಡಿದು ಜಗ್ಗದಿರಲಿ ತಂದೆ, ನಾವು ಕೂಡ.