ಗದ್ದೆಯಲ್ಲಿ ಕಂಬು

ಗುಡ್ಡ ಕೊರೆದು ಆಚೆ ಮಗ್ಗುಲಿನ ನದಿಯನ್ನು ನಮ್ಮ ಕಂಬಂ ಬಯಲಿಗೆ ತಿರುಗಿಸಿದ ಮೇಲೆ ಊರಿಗೆ ಊರೇ ಕಂಬು ಬಿತ್ತುವುದನ್ನು ಬಿಟ್ಟಿತು. ಮೈಸೂರು ಸೀಮೆಯವರು ಸಜ್ಜೆ ಅನ್ನುತ್ತಾರಲ್ಲ, ಅದೇ ಕಂಬು. ಎಲ್ಲರಿಗೂ ಭತ್ತದ ಹುಚ್ಚು.

ನನ್ನ ಗಂಡ ನನ್ನ ತಾಯಿಯ ತಮ್ಮ. ಅದಕ್ಕೇ ಇವತ್ತಿಗೂ ಮಾಮ ಅಂತಲೇ ಕರೆಯುತ್ತೇನೆ. ಕಂಬಿನ ಅಂಬಲಿ ಕುಡಿದು ಬೆಳೆದವನು, ಅನ್ನ ಕಂಡದ್ದು ಹಬ್ಬಕ್ಕೆ, ಮದುವೆಗೆ. ಸ್ವಂತ ಗದ್ದೆಯ ಅಕ್ಕಿ ಮೊದಲ ಸಲ ಬೆಂದ ದಿನ ಎಲೆಯ ಮುಂದೆ ಕೂತು ಅತ್ತುಬಿಟ್ಟ. ಆಮೇಲೆ ಮೂರು ಹೊತ್ತೂ ಅನ್ನ, ಸಂಜೆಗೆ ಬೆಲ್ಲದ ಪಾಯಸ. ಉಳುವುದಕ್ಕೆ ಆಳು ಬಂದರು. ಇವನು ಜಗಲಿ ಬಿಟ್ಟು ಇಳಿಯಲಿಲ್ಲ.

ಮೊದಲು ಬಾಯಾರಿಕೆ ಶುರುವಾಯಿತು. ಕೊಡಗಟ್ಟಲೆ ಕುಡಿದರೂ ತೀರದು. ಅವನು ಉಚ್ಚೆ ಹೊಯ್ದ ಕಡೆ ಇರುವೆ ಮುತ್ತುತ್ತಿದ್ದವು. ಮೈ ಕರಗಿತು, ಕಾಲಿನ ಹುಣ್ಣು ಒಣಗಲಿಲ್ಲ. ಗಾಡಿ ಕಟ್ಟಿಸಿಕೊಂಡು ಬತ್ತಲಗುಂಡಿನ ಮುತ್ತಯ್ಯ ವೈದ್ಯರ ಹತ್ತಿರ ಹೋದೆವು.

"ಸಿಹಿಮೂತ್ರದ ಕಾಯಿಲೆ. ಹುಣ್ಣಿಗೆ ಲೇಪ ಕೊಡ್ತೀನಿ, ಮೊದಲು ಅದು ಮಾಯಲಿ" ಅಂದರು ಅವರು. "ಆಮೇಲೆ ಅನ್ನ ಬಿಡು, ಬೆಲ್ಲ ಬಿಡು, ನಡಿ. ನಿಮ್ಮ ಕುಲದೋರಿಗೆ ದೇವರ ಮಂದೆ ಇದೆಯಲ್ಲ? ಅದರ ಹಿಂದೆ ಗುಡ್ಡ ಹತ್ತು."

"ನಾನು ದನ ಕಾಯೋದಾ? ಗದ್ದೆ ಇರೋನು!"

"ಗದ್ದೆ ಬಂದೇ ಹೀಗಾಗಿದ್ದೀಯ ಪೆರುಮಾಳು."

ದೇವರ ಮಂದೆ ಅಂದರೆ ನಾವು ನೇಗಿಲಿಗೆ ಕಟ್ಟದ, ಹಾಲು ಕರೆಯದ ದನ. ವರ್ಷದ ಬಹುಪಾಲು ಗುಡ್ಡದಲ್ಲೇ ಮೇಯುತ್ತದೆ, ಪೊಂಗಲಿಗೆ ಇಳಿಯುತ್ತದೆ. ಹುಣ್ಣು ಒಣಗಿದ ಮೇಲೆ ಮಂದೆ ಕಾಯುವ ಆಂಡಿಯ ಜೊತೆ ಮಾಮ ಹೊರಟ. ಅವನು ಕಂಬಳಿ ಹೆಗಲಿಗೆ ಹಾಕಿಕೊಂಡು ಬೇಲಿ ದಾಟುವಾಗ ನಾನು ಹೊರಗೇ ಬರಲಿಲ್ಲ. ಬಂದಿದ್ದರೆ ಕಂಬಳಿ ಕಿತ್ತುಕೊಳ್ಳುತ್ತಿದ್ದೆ.

ಆ ಮಳೆಗಾಲ ಪೂರ್ತಿ ಗುಡ್ಡ ನೋಡುವುದೇ ನನ್ನ ಕೆಲಸವಾಯಿತು. ಮೇಲೆ ಹೊಗೆ ಎದ್ದರೆ ಅವನ ಒಲೆ ಅಂದುಕೊಳ್ಳುತ್ತಿದ್ದೆ. ಹಾಸಿಗೆಯಲ್ಲಿ ಅವನ ಮಗ್ಗುಲಿಗೆ ಹೊರಳದೆ ಮಲಗುವುದನ್ನು ಕಲಿಯಬೇಕಾಯಿತು. ಕಲಿಯಲಿಲ್ಲ.

ಪೊಂಗಲಿಗೆ ಇಳಿದವನನ್ನು ನೋಡಿದರೆ ಮದುವೆಯ ವರ್ಷದ ಮಾಮ. ಕಣ್ಣಲ್ಲಿ ಹೊಳಪು, ಬಾಯಾರಿಕೆ ಇಲ್ಲ. ಮನೆಯಲ್ಲಿ ಅವನಿಗೊಬ್ಬನಿಗೆ ಪುಟ್ಟ ಮಡಕೆಯಲ್ಲಿ ಅಂಬಲಿ ಕಾಯಿಸಿದೆ, ನನಗೂ ಮಕ್ಕಳಿಗೂ ಅನ್ನ. ಕೆಲವು ದಿನ ಕುಡಿದ. ಆಮೇಲೆ ಅಣ್ಣನ ಮನೆಗೆ ಹೋಗಿ ಉಂಡು ಬರತೊಡಗಿದ. ಪೊಂಗಲಿನ ಮರುತಿಂಗಳು ಮಾಸಿ ಮುಗಿಯುವುದರೊಳಗೆ ಇರುವೆ ಮತ್ತೆ ಬಂದವು. ಮತ್ತೆ ಕಂಬಳಿ, ಮತ್ತೆ ಗುಡ್ಡ.

ನನಗೆ ಸಿಟ್ಟು ತಡೆಯಲಿಲ್ಲ. ಸುರುಳಿ ಜಲಪಾತದ ದಾರಿ ಹತ್ತಿ ಮಂದೆ ಇದ್ದಲ್ಲಿಗೇ ಹೋದೆ.

"ಇಲ್ಲಿ ಬಾಯಿ ಕಟ್ಟೋಕೆ ಆಗುತ್ತೆ, ನನ್ನ ಹತ್ರ ಆಗಲ್ಲವಾ? ನನಗಿಂತ ಈ ಗೂಳಿ ಹೆಚ್ಚಾಯ್ತಾ ನಿನಗೆ?"

ಆಂಡಿ ನಗು ತಡೆಯಲಾರದೆ ದನದ ಮರೆಗೆ ಹೋದ. ಮಾಮ ನಗಲಿಲ್ಲ.

"ಇಲ್ಲಿ ಎಲ್ಲರಿಗೂ ಒಂದೇ ಮಡಕೆ, ಕಾಳಿ. ಅಲ್ಲಿ ನೀವೆಲ್ಲ ಅನ್ನ ಉಣ್ಣೋವಾಗ ನನಗೊಬ್ಬನಿಗೆ ಅಂಬಲಿ ಇಡ್ತೀಯ. ಆಳಿಗೆ ಇಟ್ಟ ಹಾಗೆ. ಜಗಲಿ ಮೇಲೆ ಕೂತು ನಾನೇನು ಮಾಡಲಿ, ವಾಸನೆ ಕುಡೀಲಾ?" ಕಂಬಳಿ ಹೆಗಲಿಗೆ ಎಳೆದುಕೊಂಡು, "ಮನೆ ನೆನಪು ಬರದ ದಿನ ಇಲ್ಲ. ಬಂದರೆ ಸಾಯ್ತೀನಿ ಅಂತ ಬರಲ್ಲ" ಅಂದ.

ಇಳಿಯುವಾಗ ದಾರಿಯುದ್ದಕ್ಕೂ ಅವನನ್ನು ಬೈದೆ. ಊರು ಮುಟ್ಟುವ ಹೊತ್ತಿಗೆ ಬೈಗುಳ ಮುಗಿದಿತ್ತು. ಮಾರನೆಯ ಬೆಳಿಗ್ಗೆ ಮೇಲಿನ ಗದ್ದೆಗೆ ಕಾಲುವೆ ನೀರು ಬರುವ ಬಾಯಿಯನ್ನು ಮಣ್ಣು ಹೊಡೆದು ಮುಚ್ಚಿದೆ.

ಮಾಮನ ಅಣ್ಣ ಪೆರಿಯಣ್ಣನ್ ಓಡಿ ಬಂದ. "ಏಯ್ ಕಾಳೀ, ತಲೆ ಕೆಟ್ಟಿದೆಯಾ? ಊರೆಲ್ಲ ನೀರಿಗೆ ಹೊಡೆದಾಡ್ತಿದೆ, ನೀನು ಬಂದ ನೀರನ್ನ ಮುಚ್ತೀಯಾ?"

"ಹೌದು ಭಾವ. ಕಂಬು ಬಿತ್ತುತೀನಿ."

"ಊರು ನಗುತ್ತೆ."

"ನಗಲಿ. ನಿಮ್ಮ ಮನೇಲಿ ತಮ್ಮನಿಗೆ ಅನ್ನ ಬಡಿಸಿದ ಕೈ ಇದೆಯಲ್ಲ, ಅದೇ ಕೈಲಿ ಬಾಯಿ ಮುಚ್ಕೊಂಡು ನಗಲಿ."

ಭಾವನಿಗೆ ಹಾಗೆ ಅನ್ನಬಾರದು. ಅಂದೆ.

ತೆನೆ ಕಟ್ಟುವ ಹೊತ್ತಿಗೆ ಗುಡ್ಡಕ್ಕೆ ಹೇಳಿ ಕಳಿಸಿದೆ: ಬಯಲಿನ ಹಕ್ಕಿಯೆಲ್ಲ ನನ್ನ ಹೊಲದಲ್ಲೇ ಇದೆ, ಬಂದು ಓಡಿಸು. ಬಂದ. ಸುತ್ತ ಎಲ್ಲಿ ನೋಡಿದರೂ ಭತ್ತ, ನಡುವೆ ನಮ್ಮ ಕಂಬೊಂದೇ. ಗಿಳಿ, ಗುಬ್ಬಿ ಬಿಡುತ್ತವೆಯೇ? ಹೊತ್ತು ಹುಟ್ಟಿದಾಗಿನಿಂದ ಇಳಿಯುವ ತನಕ ಕವಣೆ ಹಿಡಿದು ಕೂಗುತ್ತಾ ಬದುವಿನ ಮೇಲೆ ಸುತ್ತಿದ. ಕೂರಲು ಅಟ್ಟಣೆ ಕಟ್ಟಿಕೊಡು ಅಂದ, ನಾನು ಕಟ್ಟಲಿಲ್ಲ. ಸಂಜೆ ಅವನ ಪಾದ ತೊಳೆದು ಮುಳ್ಳು, ಗಾಯ ಇದೆಯಾ ಎಂದು ಬೆರಳ ಸಂದಿಯನ್ನೆಲ್ಲ ನೋಡುತ್ತಿದ್ದೆ.

ಮನೆಯಲ್ಲಿ ಒಂದೇ ಮಡಕೆ, ಎಲ್ಲರಿಗೂ ಕಂಬು. ಮಕ್ಕಳು ಮುಖ ಕಿವುಚಿದರು, ಅತ್ತರು, ಹಸಿದಾಗ ಉಂಡರು.

ಕೊಯ್ಲು ಮುಗಿದ ಮೇಲೆ ಹಕ್ಕಿಯೂ ಇಲ್ಲ, ಕೆಲಸವೂ ಇಲ್ಲ. ಪೊಂಗಲ್ ಕಳೆದು ಒಂದು ಬೆಳಿಗ್ಗೆ ಆಂಡಿ ಬೇಲಿಯಾಚೆ ನಿಂತು ಕೂಗಿದ. "ಪೆರುಮಾಳಣ್ಣಾ, ಮಂದೆ ಹೊರಡ್ತಿದೆ. ಬರ್ತೀಯಾ?"

ನಾನು ಒಳಗೆ ಕಂಬು ಕುಟ್ಟುತ್ತಿದ್ದೆ. ಒನಕೆ ಎತ್ತಿದ್ದು ಇಳಿಯಲಿಲ್ಲ.

"ಇರು ಬಂದೆ" ಅಂದ ಮಾಮ. ಹೆಜ್ಜೆ ಸದ್ದು ದೂರವಾಯಿತು.

ಆಮೇಲೆ ಒರಳಿನಲ್ಲಿದ್ದದ್ದು ಕಂಬೋ ಕಲ್ಲೋ ನನಗೆ ಗೊತ್ತಿಲ್ಲ, ಕುಟ್ಟಿದೆ. ನೆತ್ತಿಗೆ ಬಿಸಿಲು ಬಂದಾಗ ಬಾಗಿಲಿಗೆ ನೆರಳು ಬಿತ್ತು. ಬೆವರು ಸುರಿಸುತ್ತಾ ನಿಂತಿದ್ದ.

"ಗುಡ್ಡದ ಬುಡದ ತನಕ ಬಿಟ್ಟು ಬಂದೆ. ನಾಳೆಯೂ ಅಲ್ಲೀತನಕ ಹೋಗಿ ಬರ್ತೀನಿ. ಹಸಿವು, ಬಡಿಸು."

ಒನಕೆ ಮೂಲೆಗಿಟ್ಟು ಬಡಿಸಿದೆ. ಇಬ್ಬರೂ ಉಣ್ಣಲು ಕೂತೆವು. ಅದೇ ಹೊತ್ತಿಗೆ ಭಾವನ ಮನೆಯಿಂದ ಹೊಸ ಅಕ್ಕಿ ಬೇಯುವ ವಾಸನೆ ಗೋಡೆ ಹತ್ತಿ ಬಂತು. ಮಾಮನ ಕೈ ನಿಂತಿತು.

"ಆಸೆ ಆಗುತ್ತಾ?" ಅಂತ ಕೇಳಿದೆ.

"ಆಗುತ್ತೆ. ನಿನಗೆ?"

"ಸಾಯೋಷ್ಟು."

ಮಾಮ ನಕ್ಕ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟ. ನಾನೂ ಮುರಿದೆ.