ಸುಟ್ಟ ಗೆರೆ

ಒಣಹುಲ್ಲಿನ ನಡುವೆ ಎರಡು ಮಾರು ಅಗಲದ ಕಪ್ಪು ಗೆರೆ, ಅದರ ಒಳಗೆ ಒಂದು ಮನೆ. ಇಷ್ಟು ವರ್ಷಗಳ ಮೇಲೂ ಆ ಊರೆಂದರೆ ನನ್ನ ಕಣ್ಣಿಗೆ ಮೊದಲು ಬರುವುದು ಇದೇ. ಬೀದಿಗಳು, ನಾನಿದ್ದ ಬಾಡಿಗೆ ಕೋಣೆ, ಕೆಲಸ ಕೊಟ್ಟವರ ಮುಖಗಳು ಎಲ್ಲ ಮಸುಕಾಗಿವೆ. ಗೆರೆ ಮಸುಕಾಗಿಲ್ಲ.

ಆ ಬೇಸಿಗೆಯಲ್ಲಿ ಬೆಟ್ಟದ ಕಾಡಿಗೆ ಬೆಂಕಿ ಬಿದ್ದು, ಮೇಲಿನ ಹಾಡಿಯ ಇಪ್ಪತ್ತೆರಡು ಮನೆಗಳು ಒಂದೇ ಮಧ್ಯಾಹ್ನದಲ್ಲಿ ಬೂದಿಯಾದವು. ಬದುಕಿದವರನ್ನು ತಂದು ಊರಿನ ಶಾಲೆಯಲ್ಲಿ ಇಳಿಸಿದರು. ಊರಿನ ನಾಲ್ಕು ಜನ ಸೇರಿ ಒಂದು ಪರಿಹಾರ ಸಮಿತಿ ಮಾಡಿದರು. ನನಗೆ ಆಗ ಇಪ್ಪತ್ತಮೂರು. ಸಮಿತಿ ನನ್ನನ್ನು ಮನೆ ಹುಡುಕುವ ಕೆಲಸಕ್ಕೆ ಹಚ್ಚಿತು. ನಾಲ್ಕು ದಿನದ ಆಸರೆಯಲ್ಲ; ಮೂರು ವರ್ಷ ಎಬ್ಬಿಸುವುದಿಲ್ಲವೆಂದು ಮಾಲೀಕರು ಕಾಗದಕ್ಕೆ ಸಹಿ ಹಾಕಿದ ಮನೆ ಬೇಕಾಗಿತ್ತು. ನಾನು ಸೇವೆಯ ಹಂಬಲದಿಂದ ಹೋದವನಲ್ಲ. ಯಾಕೆ ಹೋದೆ ಎಂಬುದನ್ನು ಆಗ ಯಾರಿಗೂ ಹೇಳುವಂತಿರಲಿಲ್ಲ.

ಬಾಗಿಲು ಬಾಗಿಲಿಗೂ ಅದೇ ಪ್ರಶ್ನೆಗಳು. "ಎಷ್ಟು ಜನ? ಮೇಕೆ ತರ್ತಾರಾ? ಒಲೆ ಉರಿಸ್ತಾರೋ, ಮನೇನೇ ಉರಿಸ್ತಾರೋ?" ಕೇಳಿದವರು ತಮ್ಮ ಮಾತಿಗೆ ತಾವೇ ನಗುತ್ತಿದ್ದರು. ಆದರೂ ಎರಡು ತಿಂಗಳಲ್ಲಿ ಇಪ್ಪತ್ತೊಂದು ಸಂಸಾರಗಳು ಶಾಲೆ ಬಿಟ್ಟವು. ಉಳಿದದ್ದು ದೇವೀರಿ ಮತ್ತು ಅವಳ ಅಣ್ಣ ಕೆಂಚಯ್ಯ.

ದೇವೀರಿಗೆ ಐವತ್ತು ದಾಟಿತ್ತು. ಎಲುಬು ಗಟ್ಟಿ, ಮಾತು ಕಡಿಮೆ. ಕೆಂಚಯ್ಯನ ಎರಡೂ ಕಾಲು ಮೊಣಕಾಲಿನವರೆಗೆ ಸುಟ್ಟಿದ್ದವು. ಮೇಕೆಗಳ ಹಗ್ಗ ಬಿಚ್ಚಿ ಬರುತ್ತೇನೆಂದು ಹೋದ ಅವನ ಹೆಂಡತಿ ಬರಲಿಲ್ಲ. ಅವಳನ್ನು ಕರೆತರಲು ಹೋದದ್ದಕ್ಕೆ ಕಾಲು ಹೋಯಿತು. ಗಾಳಿ ಬೆಟ್ಟದ ಕಡೆಯಿಂದ ತಿರುಗಿದಾಗಲೆಲ್ಲ ಅವನು ಶಾಲೆಯ ಜಗುಲಿಯಲ್ಲಿ ಕುಳಿತಲ್ಲೇ ಮೂಗೆತ್ತಿ ವಾಸನೆ ಹಿಡಿಯುತ್ತಿದ್ದ. ಆಗ ಜಗುಲಿಯ ಮೇಲಿದ್ದವರೆಲ್ಲ ಮಾತು ನಿಲ್ಲಿಸುತ್ತಿದ್ದರು.

ನನಗೆ ದೇವೀರಿಯೆಂದರೆ ಭಯ. ಅವಳೆದುರು ಹೋಗುವಾಗ ಮೂಗು ಬಾಯಿಗೆ ಕರವಸ್ತ್ರ ಕಟ್ಟಿಕೊಳ್ಳುತ್ತಿದ್ದೆ. ಬೂದಿಯ ಧೂಳು ಆಗುವುದಿಲ್ಲ ಎಂದು ನೆಪ. ಹೇಳಬೇಕಾದದ್ದನ್ನು ಎರಡು ಮಾತಿನಲ್ಲಿ, ತಗ್ಗಿದ ದನಿಯಲ್ಲಿ ಹೇಳಿ ಹೊರಟುಬಿಡುತ್ತಿದ್ದೆ. ಅವಳು "ಆಯ್ತು ಸ್ವಾಮಿ" ಎಂದಷ್ಟೇ ಹೇಳಿ ನನ್ನನ್ನೇ ನೋಡುತ್ತಿದ್ದಳು.

ಅವರನ್ನು ಮೊದಲು ಕಳಿಸಿದ ಮನೆಯಿಂದ ಮೂರೇ ದಿನದಲ್ಲಿ ವಾಪಸು ಕಳಿಸಿದರು. ಮನೆಯ ಹಿಂದೆ ದೇವೀರಿ ಹುಲ್ಲಿಗೆ ಬೆಂಕಿ ಇಡುತ್ತಿದ್ದಳಂತೆ. ಸಂಜೆಯ ಹೊತ್ತಿಗೆ ಊರೆಲ್ಲ ಒಂದೇ ಮಾತು: ಅವಳಿಗೆ ಬೆಂಕಿಯ ಹುಚ್ಚು, ಬೆಟ್ಟ ಸುಟ್ಟವಳೂ ಅವಳೇ ಇರಬೇಕು. ಹಾಡಿಯವರ ಮಾತು ಅಲ್ಲಿ ನಡೆಯುವಂತಿರಲಿಲ್ಲ; ಅವರನ್ನು ಬಿಟ್ಟರೆ, ಅವಳು ಹಾಗೆ ಯಾಕೆ ಮಾಡಿದಳೆಂದು ಆ ಊರಿನಲ್ಲಿ ಗೊತ್ತಿದ್ದವನು ನಾನೊಬ್ಬನೇ. ಬಾಯಿ ಬಿಡಲಿಲ್ಲ.

ಸಮಿತಿಯ ಕಾರ್ಯದರ್ಶಿ ನನ್ನನ್ನು ಕರೆಸಿದರು. "ಸೋಮವಾರ ಶಾಲೆ ಶುರು. ಇನ್ನೊಂದು ಸಲ ಹೀಗಾದ್ರೆ ಆ ಹೆಂಗಸನ್ನ ಹುಚ್ಚಾಸ್ಪತ್ರೆಗೆ ಬರೀತೀನಿ, ಅಣ್ಣನ್ನ ನಿರ್ಗತಿಕರ ಆಶ್ರಮಕ್ಕೆ. ನನ್ಗೂ ಬೇರೆ ಕೆಲಸ ಇದೆಯಪ್ಪಾ."

ಕೊನೆಗೆ ಒಪ್ಪಿದವಳು ಗಂಗಾಬಾಯಿ. ಊರಾಚೆ, ಪಾಳುಬಿದ್ದ ಇಟ್ಟಿಗೆ ಗೂಡಿನ ಪಕ್ಕ ಅವಳ ಮನೆ. ಹಿತ್ತಿಲಲ್ಲಿ ಇನ್ನೊಂದು ಚಿಕ್ಕ ಮನೆ ಖಾಲಿಯಿತ್ತು. ಆ ವರ್ಷ ಮಳೆ ತಡವಾಗಿ, ಅದರ ಮೂರು ಕಡೆಗೂ ಸೊಂಟದೆತ್ತರದ ಹುಲ್ಲು ಒಣಗಿ ನಿಂತಿತ್ತು. ದೇವೀರಿ ಅದನ್ನು ಹಾಗೇ ಬಿಡುವುದಿಲ್ಲವೆಂದು ಕಂಡಾಗಲೇ ನನಗೆ ಗೊತ್ತಾಯಿತು.

"ನೋಡಪ್ಪಾ, ಊರವರು ಏನೇನೋ ಹೇಳ್ತಾರೆ," ಎಂದಳು ಗಂಗಾಬಾಯಿ. "ನನ್ನ ಬಗ್ಗೇನೂ ಹೇಳ್ತಾರೆ, ಗಂಡನ್ನ ಬೈದು ಬೈದು ಸಾಯ್ಸಿದೆ ಅಂತ. ಅದಕ್ಕೇ ನಾನು ಯಾರ ಮಾತೂ ನಂಬಲ್ಲ. ಎಂಟು ದಿನ ಇರ್ಲಿ. ಸರಿ ಅನ್ಸಿದ್ರೆ ನಿನ್ನ ಕಾಗದಕ್ಕೆ ಸಹಿ."

ಆ ಎಂಟು ದಿನ ನಾನು ಸರಿಯಾಗಿ ಉಣ್ಣಲಿಲ್ಲ. ಯಾರ ಮನೆಯ ಬಚ್ಚಲ ಹೊಗೆ ಕಂಡರೂ ಎದ್ದು ನಿಲ್ಲುತ್ತಿದ್ದೆ. ಏಳನೆಯ ದಿನ ಬೆಳಗ್ಗೆ, ಬೆಟ್ಟದಡಿಯ ಆ ಊರಿನಲ್ಲಿ ಬೇಸಿಗೆಯಲ್ಲೂ ಬೀಳುವ ಇಬ್ಬನಿ ಇನ್ನೂ ಆರಿರಲಿಲ್ಲ, ಇಟ್ಟಿಗೆ ಗೂಡಿನ ಕಡೆ ತೆಳುವಾದ ಬಿಳಿ ಹೊಗೆ ಎದ್ದಿತ್ತು. ಓಡಿದೆ.

ನಾನು ತಲುಪಿದಾಗ ಮನೆಯ ಎರಡು ಕಡೆ ಗೆರೆ ಮುಗಿದಿತ್ತು, ನೇರವಾಗಿ, ಕಪ್ಪಾಗಿ, ಇನ್ನೂ ಬಿಸಿಯಾಗಿ. ದೇವೀರಿಯ ಒಂದು ಕೈಯಲ್ಲಿ ಉರಿಯುವ ಹುಲ್ಲಿನ ಕಟ್ಟು, ಸೂಡಿ, ಇನ್ನೊಂದರಲ್ಲಿ ಹೊಂಗೆಯ ಹಸಿ ಸೊಪ್ಪಿನ ಕೊಂಬೆ. ಕೆಂಚಯ್ಯ ಹೊಸ್ತಿಲ ಮೇಲೆ ಎರಡು ಕೊಡ ನೀರು ಇಟ್ಟುಕೊಂಡು ಕುಳಿತಿದ್ದ. ಗಂಗಾಬಾಯಿ ಅಂಗಳದಲ್ಲಿ ನಿಂತು ಕಿರುಚುತ್ತಿದ್ದಳು.

"ಬಂದ್ಯಾ? ನೋಡು, ನೋಡು ನಿನ್ನ ಸಾಧ್ವೀನ! ಮನೇಲಿ ಮಲಗಿದೋಳನ್ನ ಬೇಯ್ಸೋಕೆ ಹೊರಟಿದ್ದಾಳೆ. ಈಗ್ಲೇ ಕರ್ಕೊಂಡು ಹೋಗು. ಇಲ್ಲಾಂದ್ರೆ ನಿಮ್ಮ ಕಾರ್ಯದರ್ಶಿ ಹತ್ರ ನಾನೇ ಹೋಗ್ತೀನಿ."

ದೇವೀರಿ ಸೂಡಿಯನ್ನು ನೆಲಕ್ಕೆ ಒತ್ತಿ ಆರಿಸಿದಳು. ಕೆಂಚಯ್ಯ ಹೇಳಿದ, "ಅಮ್ಮಾ, ನಮ್ಮನ್ನ ಬೇರೆ ಬೇರೆ ಮಾಡಿಸ್ಬೇಡಿ. ನಂಗೆ ನಡಿಯಾಕಾಗಲ್ಲ, ಅವಳಿಗೆ ನಾನ್ ಬಿಟ್ರೆ ಯಾರಿಲ್ಲ."

ಗಂಗಾಬಾಯಿ ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಅವಳು ಬೇಲಿ ದಾಟಿದರೆ ಮುಗಿಯಿತು. ನನಗೆ ಗೊತ್ತಿತ್ತು. ಆದರೂ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ. ಇದನ್ನು ಬಚ್ಚಿಡುವುದಿಲ್ಲ, ಸುಮ್ಮನೆ ನಿಂತಿದ್ದೆ.

ಆಮೇಲೆ ಕರವಸ್ತ್ರ ಕಿತ್ತು, "ಅಮ್ಮಾ, ನಿಲ್ಲಿ," ಎಂದೆ. "ಅವಳಿಗೆ ಹುಚ್ಚಿಲ್ಲ. ಮನೆ ಸುಡೋಕಲ್ಲ, ಉಳ್ಸೋಕೆ ಸುಡ್ತಿದ್ದಾಳೆ."

ಅವಳು ತಿರುಗಿದಳು. ನಾನು ಹೇಳಿದೆ. ಹಾಡಿಯವರು ಪ್ರತಿ ವರ್ಷ ಚಳಿ ಮುಗಿಯುವ ಮೊದಲು, ಇಬ್ಬನಿ ಇರುವಾಗಲೇ, ತಮ್ಮ ಮನೆಗಳ ಸುತ್ತ ಹೀಗೆ ಗೆರೆ ಸುಡುತ್ತಾರೆ. ಎರಡೂ ಅಂಚಿನ ಹುಲ್ಲನ್ನು ಕೆತ್ತಿ, ನಡುವಿನದನ್ನು ಸುಟ್ಟು, ಹಸಿ ಸೊಪ್ಪಿನಿಂದ ಬಡಿದು ಆರಿಸುತ್ತಾರೆ. ಬೇಸಿಗೆಯಲ್ಲಿ ಕಾಡಿನ ಬೆಂಕಿ ಬಂದರೆ ಗೆರೆಯ ಹತ್ತಿರ ಅದಕ್ಕೆ ತಿನ್ನಲು ಏನೂ ಇರುವುದಿಲ್ಲ, ನಿಲ್ಲುತ್ತದೆ.

"ಹಾಗಾದ್ರೆ ಈ ವರ್ಷ ಯಾಕೆ ನಿಲ್ಲಲಿಲ್ಲ?"

"ಈ ವರ್ಷ ಸುಡಬಾರ್ದು ಅಂತ ನೋಟೀಸು ಹೋಗಿತ್ತು. ಸುಟ್ರೆ ಜೈಲು ಅಂತ."

"ನಿನಗೆ ಹೇಗೆ ಗೊತ್ತು?"

"ಓದಿ ಹೇಳಿದ್ದು ನಾನೇ."

ಅದು ನನ್ನ ಹಿಂದಿನ ಕೆಲಸ. ಅರಣ್ಯ ಇಲಾಖೆಯ ಕಚೇರಿಯಲ್ಲಿ ಹಂಗಾಮಿ ಗುಮಾಸ್ತ. ಹಾಡಿಯಲ್ಲಿ ಯಾರಿಗೂ ಓದು ಬಾರದೆಂದು, ಇಬ್ಬರು ಗಾರ್ಡುಗಳೊಂದಿಗೆ ನನ್ನನ್ನು ಮೇಲಕ್ಕೆ ಕಳಿಸಿದ್ದರು. ನಾನು ಬಂಡೆಯೊಂದರ ಮೇಲೆ ನಿಂತು ಗಟ್ಟಿಯಾಗಿ ಓದಿದ್ದೆ. ಗುಂಪಿನಿಂದ ಒಬ್ಬ ಹೆಂಗಸು ಕೇಳಿದ್ದಳು, "ಗೆರೆ ಸುಡದೇ ಇದ್ರೆ, ಬೇಸಿಗೇಲಿ ನಿಮ್ಮ ಕಾಗದ ಬಂದು ಬೆಂಕಿ ತಡೀತದಾ ಸ್ವಾಮಿ?" ನಾನು ಹೇಳಿದ್ದೆ, "ಅಕ್ಷರ ಬಾರದವರು ನಮಗೆ ಕಾನೂನು ಕಲಿಸಬೇಡಿ." ಗಾರ್ಡುಗಳು ನಕ್ಕಿದ್ದರು. ನಾನೂ ನಕ್ಕಿದ್ದೆ. ಬೆಂಕಿ ಬಿದ್ದ ಮರುದಿನ ಕೆಲಸ ಬಿಟ್ಟೆ. ಕೇಳಿದವಳ ಮುಖ ಮಾತ್ರ ಬಿಡಲಿಲ್ಲ. ಶಾಲೆಯ ಜಗುಲಿಯಲ್ಲಿ ಮೊದಲ ದಿನವೇ ಅದನ್ನು ಗುರುತಿಸಿದ್ದೆ.

ಈಗ ಅವಳ ಕಡೆ ನೋಡಲು ಧೈರ್ಯವಾಗಲಿಲ್ಲ. ಕೊಂಬೆಯಿಂದ ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ವಾಸಿಯಿತ್ತು.

"ದೇವೀರಕ್ಕ," ಎಂದೆ.

"ಗೊತ್ತಿತ್ತು," ಎಂದಳು. "ಬಟ್ಟೆ ಕಟ್ಕಂಡ್ರೆ ಕಂಠ ಬದಲಾಗ್ತದಾ? ಮೊದಲ್ನೇ ದಿನಾನೇ ಗೊತ್ತಾಯ್ತು."

"ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಓಡೋಗ್ತಿದ್ದೆ. ಮನೆ ಯಾರು ಹುಡುಕ್ತಿದ್ರು?" ಅಲ್ಲಿಯವರೆಗೆ ನನ್ನನ್ನು ಸ್ವಾಮಿ ಎನ್ನುತ್ತಿದ್ದವಳು. "ನಿನ್ನ ಭಯ ನಮಗೆ ಬೇಕಾಗಿತ್ತು."

ಹೊಸ್ತಿಲ ಮೇಲೆ ಕೆಂಚಯ್ಯ ತಲೆ ತಗ್ಗಿಸಿದ. ಅವನಿಗೂ ಗೊತ್ತಿತ್ತು. ಬಹುಶಃ ಇಪ್ಪತ್ತೆರಡು ಮನೆಯವರಿಗೂ ಗೊತ್ತಿತ್ತು.

ಗಂಗಾಬಾಯಿ ನಮ್ಮಿಬ್ಬರನ್ನೂ ನೋಡಿದಳು. ಅವಳ ಮುಖದಲ್ಲಿ ಕರುಣೆಯೇನೂ ಕಾಣಲಿಲ್ಲ. ನೋಟ ನಮ್ಮನ್ನು ದಾಟಿ, ತನ್ನ ಮನೆಯ ಹಿಂಗೋಡೆಯವರೆಗೂ ಬಂದು ನಿಂತಿದ್ದ ಒಣಹುಲ್ಲಿನ ಮೇಲೆ ಹೋಯಿತು.

"ಇಷ್ಟು ವರ್ಷ ಇದರ ಪಕ್ಕ ಮಲಗಿದ್ನಲ್ಲ," ಎಂದಳು ತನಗೇ. ಆಮೇಲೆ ದೇವೀರಿಗೆ, "ನಿನ್ನ ಗೆರೆ ನನ್ನ ಮನೇನೂ ಸುತ್ತುತ್ತೋ, ಇಲ್ಲ ನಾನು ಹೊರಗೇ ಸಾಯ್ಬೇಕೋ?"

"ನೀವು ಬೈಯದೇ ಇದ್ರೆ ಮಧ್ಯಾಹ್ನದೊಳಗೆ ಹುಲ್ಲು ಕೆತ್ತಿ ಇಡ್ತೀನಿ. ನಾಳೆ ಇಬ್ಬನೀಲಿ ಸುಡ್ತೀನಿ."

"ಬೈಯದೇ ಇರೋದು ನನ್ನ ಕೈಲಾಗಲ್ಲ. ಕಾಗದ ತಾ, ಸಹಿ ಹಾಕ್ತೀನಿ." ನನ್ನ ಕಡೆ ಬೆರಳು ತೋರಿಸಿದಳು. "ಒಂದು ಮಾತು. ಇವಳು ಬೆಂಕಿ ಹಚ್ಚೋವಾಗೆಲ್ಲ ಇವನು ಇಲ್ಲಿರ್ಬೇಕು, ಮೂರು ವರ್ಷಾನೂ. ಮನೆ ಸುಟ್ಟೋದ್ರೆ ಇವನೂ ಸುಟ್ಟೋಗ್ಲಿ."

ಆ ಕರಾರನ್ನು ನಾನೇ ಕಾಗದದ ಕೊನೆಯಲ್ಲಿ ಬರೆದೆ. ಕೊನೆಯ ಮಾತನ್ನು ಬಿಟ್ಟು.

ಮರುದಿನ ಬೆಳಗ್ಗೆ ದೇವೀರಿ ಹಸಿ ಕೊಂಬೆಯನ್ನು ನನ್ನ ಕೈಗೆ ಕೊಟ್ಟು, ಗಂಗಾಬಾಯಿಯ ಗೋಡೆಯ ಕಡೆ ಕೆತ್ತಿದ ಬರಿ ಮಣ್ಣಿನ ಮೇಲೆ ನಿಲ್ಲಿಸಿದಳು. "ಕಿಡಿ ಹಾರಿದ್ರೆ ಬಡಿ. ಸುಮ್ಸುಮ್ನೆ ಬಡೀಬೇಡ." ಎರಡು ಮಾರು ಆಚೆ ಬಾಗಿ ಸೂಡಿಯನ್ನು ಹುಲ್ಲಿಗೆ ತಾಗಿಸಿದಳು.

ಬೆಂಕಿ ಮೊದಲು ಸುಮ್ಮನೆ ಹೊಗೆಯಾಡಿತು. ಆಮೇಲೆ ಚಟಚಟ ಸದ್ದು ಮಾಡುತ್ತ ನೇರವಾಗಿ ನನ್ನ ಕಡೆಗೇ ಬಂತು. ಮೊಣಕಾಲಿನಷ್ಟೂ ಎತ್ತರವಿರಲಿಲ್ಲ. ಆದರೂ ಅದರ ಹಿಂದೆ ನನಗೆ ಇಡೀ ಬೆಟ್ಟ ಕಂಡಿತು. ದೇವೀರಿ ಬೆಂಕಿಯನ್ನು ನೋಡುತ್ತಿರಲಿಲ್ಲ, ನನ್ನ ಪಾದಗಳನ್ನು ನೋಡುತ್ತಿದ್ದಳು.

ನಾನು ಹಿಂದೆ ಸರಿಯಲಿಲ್ಲ. ಧೈರ್ಯವಲ್ಲ, ಕಾಲುಗಳು ಬರಲಿಲ್ಲ. ಬೆಂಕಿ ಬರಿ ಮಣ್ಣಿನ ಅಂಚಿಗೆ ಬಂತು, ನನ್ನ ಹೆಬ್ಬೆರಳಿನಿಂದ ಒಂದು ಗೇಣು ದೂರದಲ್ಲಿ ಅತ್ತಿತ್ತ ತಡಕಿತು, ತಿನ್ನಲು ಏನೂ ಸಿಗದೆ ಕೂತುಕೊಂಡಿತು. ಹೊಗೆ ತಿಳಿಯಾದಾಗ ನನ್ನ ಮತ್ತು ಅವಳ ನಡುವೆ ಎರಡು ಮಾರು ಅಗಲದ ಕಪ್ಪು ನೆಲ ಇತ್ತು. ಅವಳು ಬರಿಗಾಲಲ್ಲಿ ಅದನ್ನು ದಾಟಿ ಬಂದು, ನನ್ನ ಕೈಯಿಂದ ಕೊಂಬೆ ತೆಗೆದುಕೊಂಡು, ಮುಂದಿನ ಅಂಚಿಗೆ ನಡೆದಳು.